ಚೊಚ್ಚಲ ಪಾಲು

ಚೊಚ್ಚಲು ಎಂಬ ಮಾತಿಗೆ ನಮ್ಮ ಕಡೆ ತೂಕ ಹೆಚ್ಚು. ಹೊಸಪೇಟೆಯಲ್ಲಾಗಲಿ ಕಂಪ್ಲಿಯಲ್ಲಾಗಲಿ, ಎಂಥ ಬಡವರ ಮನೆಯಾದರೂ ಚೊಚ್ಚಲ ಬಾಣಂತನವನ್ನು ತವರಿನವರು ಬೇರೆಯವರಿಗೆ ಬಿಟ್ಟುಕೊಡುವುದಿಲ್ಲ. ಒಣಕೊಬ್ಬರಿ, ಉತ್ತತ್ತಿ, ಅಂಟು, ಬೆಲ್ಲ ಹೊಂದಿಸಿ ಉಂಡೆ ಕಟ್ಟುತ್ತಾರೆ. ಸಾಲ ಮಾಡಿಯಾದರೂ ತುಪ್ಪ ತರುತ್ತಾರೆ. ಎಲ್ಲವೂ ಬಾಣಂತಿಯ ಬಾಯಿಗೆ ಹಾಕಿದಂತೆ ಕಂಡರೂ ಲೆಕ್ಕ ಮಗುವಿನದು. ತಾಯಿ ಉಂಡದ್ದು ಹಾಲಾಗಿ ಕೂಸಿಗೆ ಇಳಿಯುತ್ತದೆ ಎಂಬುದನ್ನು ನಮ್ಮ ಅಜ್ಜಿಯರಿಗೆ ಯಾವ ಪುಸ್ತಕವೂ ಹೇಳಿಕೊಡಬೇಕಾಗಿರಲಿಲ್ಲ. ಆದ್ದರಿಂದಲೇ ಪಥ್ಯ. ಬದನೆಕಾಯಿ ಬೇಡ, ತಂಗಳು ಬೇಡ, ಹೊರಗಿನದು ಬೇಡ. ಒಳ್ಳೆಯದು ಇಳಿಯುವ ದಾರಿಯಲ್ಲೇ ಕೆಟ್ಟದ್ದೂ ಇಳಿದೀತೆಂಬ ಭಯ ಆ ಪಥ್ಯದಲ್ಲಿತ್ತು.

ಆ ಭಯ ಎಷ್ಟು ನಿಜವೆಂಬುದನ್ನು ಬಹಳ ಸ್ಪಷ್ಟವಾಗಿ ತೋರಿಸಿಕೊಟ್ಟವರು ಸಮುದ್ರದ ತಾಯಂದಿರು. ಡಾಲ್ಫಿನ್ ಮತ್ತು ತಿಮಿಂಗಿಲಗಳು ಮೀನಿನಂತೆ ಕಂಡರೂ ಮೀನುಗಳಲ್ಲ. ನಮ್ಮ ಹಾಗೆ ಬಸಿರಾಗಿ, ಹೆತ್ತು, ಹಾಲೂಡುವ ಜೀವಗಳು. ಇವುಗಳ ಮೈಯ ಕೊಬ್ಬಿನಲ್ಲಿ ಡಿ.ಡಿ.ಟಿ., ಪಿ.ಸಿ.ಬಿ. ಎಂಬ ರಾಸಾಯನಿಕಗಳು ಎಷ್ಟು ಸೇರಿವೆ ಎಂದು ವಿಜ್ಞಾನಿಗಳು ಅಳೆಯಲು ತೊಡಗಿದಾಗ ಒಂದು ವಿಚಿತ್ರ ಕಂಡಿತು. ಗಂಡು ಡಾಲ್ಫಿನ್‌ನ ಮೈಯಲ್ಲಿ ವಯಸ್ಸಾದಂತೆಲ್ಲ ವಿಷ ಏರುತ್ತ ಹೋಗುತ್ತದೆ, ಸಾಯುವ ತನಕ. ಹೆಣ್ಣಿನಲ್ಲಿ ಹಾಗಲ್ಲ. ಮೈನೆರೆಯುವ ತನಕ ಏರುತ್ತದೆ, ಚೊಚ್ಚಲ ಮರಿಗೆ ಹಾಲೂಡಿಸಿದ ಮೇಲೆ ಥಟ್ಟನೆ ಇಳಿದುಬಿಡುತ್ತದೆ. ಅದೆಲ್ಲ ಎಲ್ಲಿಗೆ ಹೋಯಿತು ಎಂದು ಹುಡುಕಬೇಕಾಗಿಯೇ ಇಲ್ಲ. ದಕ್ಷಿಣ ಆಫ್ರಿಕಾದ ನಟಾಲ್ ತೀರದ ಡಾಲ್ಫಿನ್‌ಗಳ ಬಗೆಗೆ 1989ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಅಂದಾಜಿನಂತೆ, ತಾಯಿ ಅಷ್ಟು ವರ್ಷ ಮೈಯಲ್ಲಿ ಕೂಡಿಟ್ಟ ಹೊರೆಯಲ್ಲಿ ಐದರಲ್ಲಿ ನಾಲ್ಕು ಪಾಲು ಮೊದಲ ಮರಿಗೆ ಹೋಗುತ್ತದೆ, ಅದೂ ಹಾಲೂಡಿಸುವ ಮೊದಲ ಕೆಲವೇ ವಾರಗಳಲ್ಲಿ. ಎರಡನೆಯ ಮರಿ, ಮೂರನೆಯ ಮರಿಗೆ ಸಿಗುವ ಹಾಲು ಅಷ್ಟರಮಟ್ಟಿಗೆ ಶುದ್ಧ. ಅಕ್ಕ ಅಥವಾ ಅಣ್ಣ ಮೊದಲೇ ಕುಡಿದು ಖಾಲಿ ಮಾಡಿರುತ್ತಾರೆ.

ಅಮೆರಿಕದ ಫ್ಲಾರಿಡಾದ ಸಾರಸೋಟ ಕೊಲ್ಲಿಯಲ್ಲಿ ಡಾಲ್ಫಿನ್‌ಗಳನ್ನು ಒಂದೊಂದನ್ನೂ ಗುರುತು ಹಿಡಿದು, 1970ರಿಂದ ತಲೆಮಾರುಗಟ್ಟಲೆ ನೋಡುತ್ತ ಬಂದಿದ್ದಾರೆ. ಅಲ್ಲಿಯೂ ಚೊಚ್ಚಲ ಮರಿಗಳ ಮೈಯಲ್ಲಿ ವಿಷ ಹೆಚ್ಚು, ಅವು ಬದುಕುಳಿಯುವುದು ಕಡಿಮೆ. ಮೊದಲ ಸಲ ತಾಯಿಯಾದವಳ ಅನುಭವದ ಕೊರತೆಯೂ ಇದಕ್ಕೆ ಕಾರಣವಿರಬಹುದು, ಎಲ್ಲವನ್ನೂ ವಿಷದ ತಲೆಗೇ ಕಟ್ಟಲಾಗದು. ಆದರೆ ಆ ಲೆಕ್ಕವನ್ನು ಕಳೆದ ಮೇಲೂ ಮನಸ್ಸು ಅಲ್ಲಿಗೇ ಹೋಗುತ್ತದೆ. ಯಾವ ತಾಯಿಯೂ ಹೀಗೆ ಕೇಳಿಕೊಂಡಿರಲಿಲ್ಲ. ತನ್ನ ಮೈ ಹಗುರವಾಗಲೆಂದು ಆಕೆ ಹಾಲೂಡಲಿಲ್ಲ. ಊಡುವುದೊಂದೇ ಆಕೆಗೆ ಗೊತ್ತು.

ಈ ವಸ್ತುಗಳ ಗುಣ ತಿಳಿದರೆ ಹೀಗೇಕೆ ಆಗುತ್ತದೆಂಬುದು ಅರ್ಥವಾಗುತ್ತದೆ. ಇವು ನೀರಿನಲ್ಲಿ ಸುಲಭವಾಗಿ ಕರಗುವುದಿಲ್ಲ, ಎಣ್ಣೆಯಲ್ಲಿ ಕೊಬ್ಬಿನಲ್ಲಿ ಕರಗುತ್ತವೆ. ಬಿಸಿಲಿಗೆ, ಮಣ್ಣಿಗೆ, ಹೊಟ್ಟೆಯ ರಸಕ್ಕೆ ಬೇಗ ಮುರಿಯುವುದಿಲ್ಲ. ಹಾಗಾಗಿ ತಿಂದ ಜೀವದ ಮೈಯಿಂದ ಹೊರಗೆ ಹೋಗದೆ ಕೊಬ್ಬಿನಲ್ಲಿ ಕುಳಿತುಬಿಡುತ್ತವೆ. ನೀರಿನ ಸಣ್ಣ ಹುಳುವಿನಲ್ಲಿ ಚೂರು, ಅಂಥ ಸಾವಿರ ಹುಳು ತಿಂದ ಮೀನಿನಲ್ಲಿ ಅದಕ್ಕಿಂತ ಹೆಚ್ಚು, ಆ ಮೀನನ್ನು ತಿಂದ ದೊಡ್ಡ ಮೀನಿನಲ್ಲಿ ಇನ್ನೂ ಹೆಚ್ಚು, ಕೊನೆಗೆ ಡಾಲ್ಫಿನ್. ಜಪಾನಿನ ಎಹಿಮೆ ವಿಶ್ವವಿದ್ಯಾಲಯದ ಶಿನ್‌ಸುಕೆ ತನಾಬೆ ಮತ್ತು ಅವರ ಜೊತೆಗಾರರು 1984ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಪೆಸಿಫಿಕ್ ಸಾಗರದ ನೀರಿನಲ್ಲಿದ್ದ ಪಿ.ಸಿ.ಬಿ. ಅಲ್ಲಿನ ಪಟ್ಟೆ ಡಾಲ್ಫಿನ್‌ನ ಮೈಯಲ್ಲಿ ಸುಮಾರು ಒಂದು ಕೋಟಿ ಪಟ್ಟು ದಟ್ಟವಾಗಿತ್ತು. ನಮ್ಮೂರಿನವರಿಗೆ ಇದನ್ನು ಹೇಳುವುದು ಕಷ್ಟವಲ್ಲ. 1953ರಲ್ಲಿ ಕಟ್ಟಿ ಮುಗಿಸಿದಾಗ ತುಂಗಭದ್ರಾ ಜಲಾಶಯ 133 ಟಿ.ಎಂ.ಸಿ. ನೀರು ಹಿಡಿಯುತ್ತಿತ್ತು. ಈಗ ಅದು ಹಿಡಿಯುವುದು ಸುಮಾರು 105. ಪ್ರತಿ ವರ್ಷ ನೀರು ಬಂತು, ಹೋಯಿತು. ಬಂದ ಹೂಳು ಹೋಗಲಿಲ್ಲ. ಒಂದೊಂದು ವರ್ಷ ನೋಡಿದರೆ ಏನೂ ಕಾಣದು, ಎಪ್ಪತ್ತು ವರ್ಷ ಕೂಡಿಸಿದರೆ 28 ಟಿ.ಎಂ.ಸಿ. ಜಾಗ ಮಣ್ಣಾಗಿದೆ. ತಿಮಿಂಗಿಲದ ಮೈಯೂ ಅಂಥದೇ ಒಂದು ಅಣೆಕಟ್ಟು. ಅಲ್ಲಿ ಹೂಳು ತೆಗೆಯುವ ಬಾಗಿಲು ಒಂದೇ, ಅದು ಮರಿಯ ಬಾಯಿಗೆ ತೆರೆಯುತ್ತದೆ.

ಮರಿಯೇ ಆಗದ ಹೆಣ್ಣಿನ ಗತಿಯೇನು? ಸ್ಕಾಟ್‌ಲೆಂಡಿನ ಟೈರಿ ದ್ವೀಪದ ದಡದಲ್ಲಿ 2016ರ ಜನವರಿಯಲ್ಲಿ ಓರ್ಕಾ ಜಾತಿಯ ಒಂದು ಹೆಣ್ಣು ಸತ್ತು ಬಿದ್ದಿತ್ತು. ಅದಕ್ಕೆ ಲುಲು ಎಂದು ಹೆಸರಿಟ್ಟಿದ್ದರು. ಸತ್ತದ್ದು ಮೀನುಗಾರರ ಹಗ್ಗಕ್ಕೆ ಸಿಕ್ಕಿಕೊಂಡು. ಆದರೆ ಕೊಬ್ಬನ್ನು ಪರೀಕ್ಷಿಸಿದಾಗ ಒಂದು ಕಿಲೋಗೆ 957 ಮಿಲಿಗ್ರಾಂ ಪಿ.ಸಿ.ಬಿ. ಸಿಕ್ಕಿತು. 9 ಮಿಲಿಗ್ರಾಂ ದಾಟಿದರೇ ಇಂಥ ಪ್ರಾಣಿಗಳಿಗೆ ಕೇಡು ಶುರುವಾಗುತ್ತದೆಂದು ತಜ್ಞರು ಹೇಳುತ್ತಾರೆ, ಇದು ನೂರು ಪಟ್ಟು. ವಯಸ್ಸು ಇಪ್ಪತ್ತು ದಾಟಿದ್ದರೂ ಅದು ಒಮ್ಮೆಯೂ ಬಸಿರಾಗಿರಲಿಲ್ಲ. ಅದರ ಇಡೀ ಗುಂಪಿನಲ್ಲೇ 1990ರ ದಶಕದಿಂದೀಚೆಗೆ ಒಂದು ಮರಿಯೂ ಹುಟ್ಟಿದ್ದನ್ನು ಯಾರೂ ಕಂಡಿಲ್ಲ. ಇದನ್ನು ಓದಿದಾಗ, ಬಸಿರಾಗದ ಸೊಸೆಯನ್ನು ನಮ್ಮ ಮನೆಗಳಲ್ಲಿ ಏನೇನು ಅಂದು ನೋಯಿಸಿದ್ದಾರೆಂಬುದು ನೆನಪಾಯಿತು. ತಿಮಿಂಗಿಲಗಳಲ್ಲಿ ಅಷ್ಟಾದರೂ ಸುಖ, ಅತ್ತೆಯ ಮಾತಿಲ್ಲ.

ಮನುಷ್ಯರ ವಿಷಯಕ್ಕೆ ಬಂದರೆ ಕಥೆ ಬೇರೆಯಲ್ಲ. 1966ರಲ್ಲಿ ಸ್ವೀಡನ್ನಿನ ಸೋರೆನ್ ಯೆನ್ಸನ್ ಎಂಬ ವಿಜ್ಞಾನಿ ಮೀನು ಮತ್ತು ಹದ್ದುಗಳಲ್ಲಿ ಪಿ.ಸಿ.ಬಿ.ಯನ್ನು ಮೊದಲ ಬಾರಿಗೆ ಗುರುತಿಸಿದರು. ಆಮೇಲೆ ತಮ್ಮ ಮನೆಯವರ ಕೂದಲನ್ನೇ ಪರೀಕ್ಷೆಗೆ ಇಟ್ಟರು. ಹಾಲು ಕುಡಿಯುವ ಹಸುಗೂಸಿನ ಕೂದಲಲ್ಲೂ ಅದಿತ್ತು. ಅಪ್ಪನೇ ಪ್ರಯೋಗಶಾಲೆಯಲ್ಲಿ ಅದನ್ನು ಕಂಡು ಮನೆಗೆ ಬಂದು ಹೆಂಡತಿಗೆ ಹೇಗೆ ಹೇಳಿರಬಹುದು ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ.

1980ರ ದಶಕದಲ್ಲಿ ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲಿ ಎರಿಕ್ ದೆವಾಯಿ ಎಂಬ ವೈದ್ಯರು ತಾಯಂದಿರ ಹಾಲನ್ನು ಪರೀಕ್ಷಿಸುತ್ತಿದ್ದರು. ಕಾರ್ಖಾನೆಗಳಿರುವ ದಕ್ಷಿಣ ಭಾಗದ ಹೆಂಗಸರ ಹಾಲನ್ನು ಹೋಲಿಸಿ ನೋಡಲು ಎಲ್ಲಿಯಾದರೂ ಶುದ್ಧವಾದ ಹಾಲು ಬೇಕಿತ್ತು. ಹಿಮದ ನಾಡಿನ ಇನ್ಯುಯಿಟ್ ಹೆಂಗಸರ ಹಾಲಿರಲಿ ಎಂದರು. ಶಾಲೆಯ ಪುಸ್ತಕದಲ್ಲಿ ನಾವು ಎಸ್ಕಿಮೋ ಎಂದು ಓದಿದ ಜನ ಅವರೇ. ಕಾರ್ಖಾನೆಯಿಲ್ಲ, ಹೊಲವಿಲ್ಲ, ಔಷಧಿ ಹೊಡೆಯುವವರಿಲ್ಲ. ಫಲಿತಾಂಶ ಬಂದಾಗ ಅವರ ಹಾಲಿನಲ್ಲಿ ಪಿ.ಸಿ.ಬಿ. ದಕ್ಷಿಣದವರಿಗಿಂತ ಸುಮಾರು ಐದು ಪಟ್ಟು ಹೆಚ್ಚಿತ್ತು. ಸೀಲ್ ಮತ್ತು ತಿಮಿಂಗಿಲದ ಕೊಬ್ಬು ಅವರ ಊಟ. ಡಾಲ್ಫಿನ್‌ಗಿಂತಲೂ ಮೇಲೆ ಇನ್ನೊಂದು ಮೆಟ್ಟಿಲಿತ್ತು, ಅಲ್ಲಿ ಒಬ್ಬ ತಾಯಿ ಕೂಸನ್ನು ಎತ್ತಿಕೊಂಡು ಕುಳಿತಿದ್ದಳು.

ಆ ಹಿಮದ ನಾಡಿಗೆ ಅದನ್ನು ಕಳಿಸಿದವರು ಯಾರು? ಇಲ್ಲಿ ಬಿಸಿನಾಡಿನ ನಾವೂ ಲೆಕ್ಕಕ್ಕೆ ಬರುತ್ತೇವೆ. ಇಂಥ ಅನೇಕ ವಸ್ತುಗಳು ಬಿಸಿಲಿಗೆ ಆವಿಯಾಗಿ ಗಾಳಿಗೆ ಏರುತ್ತವೆ, ತಂಪು ಸಿಕ್ಕಿದಲ್ಲಿ ಇಳಿಯುತ್ತವೆ, ಮತ್ತೆ ಏರುತ್ತವೆ. ಹೀಗೆ ಮಿಡತೆಯಂತೆ ನೆಗೆಯುತ್ತ ಧ್ರುವದ ಕಡೆಗೆ ಸಾಗುತ್ತವೆ. ಅಲ್ಲಿನ ಚಳಿಗೆ ಮತ್ತೆ ಏಳಲಾರವು. ತಮಿಳುನಾಡಿನ ವೆಳ್ಳಾರು ನದಿ ಬಯಲಿನಲ್ಲಿ ಭತ್ತಕ್ಕೆ ಹಾಕಿದ ಬಿ.ಎಚ್.ಸಿ. ಎಲ್ಲಿ ಹೋಗುತ್ತದೆಂದು ಜಪಾನಿ ಮತ್ತು ಭಾರತೀಯ ವಿಜ್ಞಾನಿಗಳು ಕೂಡಿ ನೋಡಿ 1991ರಲ್ಲಿ ಪ್ರಕಟಿಸಿದರು. ನೂರಕ್ಕೆ ತೊಂಬತ್ತೊಂಬತ್ತಕ್ಕೂ ಹೆಚ್ಚು ಗಾಳಿಗೆ ಹೋಗಿತ್ತು. ನದಿ ಸಮುದ್ರಕ್ಕೆ ಒಯ್ದದ್ದು ಚೂರುಪಾರು. ಆದರೂ ಬಂಗಾಳ ಕೊಲ್ಲಿಯ ಡಾಲ್ಫಿನ್‌ಗಳನ್ನು ತನಾಬೆಯವರ ತಂಡ ಪರೀಕ್ಷಿಸಿ 1993ರಲ್ಲಿ ವರದಿ ಮಾಡಿದಾಗ ಅವುಗಳ ಕೊಬ್ಬಿನಲ್ಲಿ ಎಲ್ಲಕ್ಕಿಂತ ಹೆಚ್ಚಾಗಿದ್ದದ್ದು ಡಿ.ಡಿ.ಟಿ. ನಮ್ಮ ತುಂಗಭದ್ರೆ ಕರ್ನೂಲು ದಾಟಿ ಕೃಷ್ಣೆಯನ್ನು ಕೂಡಿ ಹೋಗಿ ಬೀಳುವುದು ಅದೇ ಕೊಲ್ಲಿಗೆ.

ಬಿ.ಎಚ್.ಸಿ. ಎಂದರೆ ಎಷ್ಟೋ ಜನಕ್ಕೆ ತಿಳಿಯಲಿಕ್ಕಿಲ್ಲ. ಗ್ಯಾಮಕ್ಸಿನ್ ಪುಡಿ ಎಂದರೆ ನಲವತ್ತು ದಾಟಿದ ಯಾವ ಗೃಹಿಣಿಗೂ ಮೂಗಿಗೆ ವಾಸನೆ ಬರುತ್ತದೆ. ಇರುವೆ ಸಾಲಿಗೆ, ಅಡಿಗೆಮನೆಯ ಮೂಲೆಗೆ, ಅಕ್ಕಿ ಮೂಟೆಯ ಸುತ್ತ ಗೆರೆ ಎಳೆಯುತ್ತಿದ್ದದ್ದು ಅದರಲ್ಲೇ. 1997ರಲ್ಲಿ ಸರ್ಕಾರ ಅದನ್ನು ನಿಷೇಧಿಸಿತು. ಡಿ.ಡಿ.ಟಿ.ಯನ್ನು ಹೊಲಕ್ಕೆ ಹಾಕುವುದು 1989ರಲ್ಲೇ ನಿಂತಿತ್ತು, ಮಲೇರಿಯಾದವರು ಮನೆಗೋಡೆಗೆ ಹೊಡೆಯುವುದು ಮಾತ್ರ ಉಳಿಯಿತು. ಬೆನ್ನಿಗೆ ಡಬ್ಬಿ ಕಟ್ಟಿಕೊಂಡು ಬರುತ್ತಿದ್ದ ಆ ಜನ, ಹೊಡೆದು ಮುಗಿಸಿ ಬಾಗಿಲ ಪಕ್ಕದ ಗೋಡೆಯ ಮೇಲೆ ತಾರೀಖು ಬರೆದು ಹೋಗುತ್ತಿದ್ದರು. ಸುಣ್ಣ ಬಳಿಯುವ ತನಕ ಆ ತಾರೀಖು ಇರುತ್ತಿತ್ತು.

ಇಲ್ಲಿಗೆ ಬಂದು ನನ್ನ ಮನಸ್ಸು ಎರಡಾಗುತ್ತದೆ. ಡಿ.ಡಿ.ಟಿ.ಯನ್ನು ರಾಕ್ಷಸನನ್ನಾಗಿ ಮಾಡಿ ಕೈತೊಳೆದುಕೊಳ್ಳುವುದು ಸುಲಭ. ಆದರೆ ಅದು ಬರುವ ಮೊದಲಿನ ದಿನಗಳನ್ನು ಕಂಡವರನ್ನು ಕೇಳಬೇಕು. ಸ್ವಾತಂತ್ರ್ಯ ಬಂದ ಹೊತ್ತಿನಲ್ಲಿ ದೇಶದಲ್ಲಿ ವರ್ಷಕ್ಕೆ ಏಳೂವರೆ ಕೋಟಿ ಜನಕ್ಕೆ ಮಲೇರಿಯಾ ಬರುತ್ತಿತ್ತು, ಎಂಟು ಲಕ್ಷ ಜನ ಸಾಯುತ್ತಿದ್ದರು ಎಂಬುದು ಆಗಿನ ಅಂದಾಜು. ಮಲೇರಿಯಾ ಬಂದ ಬಸುರಿಗೆ ಗರ್ಭಪಾತದ ಭಯ, ರಕ್ತವೆಲ್ಲ ಬಸಿದು ಹೋಗುವ ಭಯ. ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ಧಾರವಾಡ ಮತ್ತು ಉತ್ತರ ಕನ್ನಡ ಜಿಲ್ಲೆಗಳಲ್ಲಿ ಡಾ. ಡಿ. ಕೆ. ವಿಶ್ವನಾಥನ್ 1946ರಲ್ಲಿ ಹಳ್ಳಿಹಳ್ಳಿಯ ಮನೆಗೋಡೆಗಳಿಗೆ ಡಿ.ಡಿ.ಟಿ. ಹೊಡೆಸಿದರು. ಈ ದೇಶದಲ್ಲಿ ದೊಡ್ಡ ಪ್ರಮಾಣದಲ್ಲಿ ನಡೆದ ಮೊದಮೊದಲ ಪ್ರಯತ್ನಗಳಲ್ಲಿ ಅದೊಂದು, ನಡೆದದ್ದು ಕನ್ನಡದ ನೆಲದಲ್ಲಿ. 1953ರಲ್ಲಿ ದೇಶಕ್ಕೆಲ್ಲ ಕಾರ್ಯಕ್ರಮ ಬಂತು. ಅದೇ ವರ್ಷ ನಮ್ಮ ಅಣೆಕಟ್ಟೂ ಮುಗಿಯಿತು. ಕಾಲುವೆಯ ನೀರು ಹೋದಲ್ಲೆಲ್ಲ ಸೊಳ್ಳೆಯೂ ಹೋಗುತ್ತದೆ. 1965ರ ಹೊತ್ತಿಗೆ ಇಡೀ ದೇಶದಲ್ಲಿ ಮಲೇರಿಯಾ ಒಂದು ಲಕ್ಷಕ್ಕೆ ಇಳಿದಿತ್ತು. ಆ ಬಿಳಿ ಪುಡಿ ಗೋಡೆಗೆ ಹತ್ತಿರದಿದ್ದರೆ ನಮ್ಮಲ್ಲಿ ಅನೇಕರ ಅಮ್ಮಂದಿರು ಬದುಕುಳಿಯುತ್ತಿರಲಿಲ್ಲ. ಉಳಿದ ಅಮ್ಮಂದಿರ ಹಾಲಿನಲ್ಲಿ ಆ ಪುಡಿ ಇತ್ತು. ಲೂಧಿಯಾನದ ಪಂಜಾಬ್ ಕೃಷಿ ವಿಶ್ವವಿದ್ಯಾಲಯದವರು 1980ರ ದಶಕದಲ್ಲಿ ಎದೆಹಾಲನ್ನು ಪರೀಕ್ಷಿಸಿ ಡಿ.ಡಿ.ಟಿ., ಬಿ.ಎಚ್.ಸಿ. ಎರಡನ್ನೂ ಕಂಡಿದ್ದರು.

ಹಾಗಾದರೆ ಉಪಕಾರವೋ ಅಪಕಾರವೋ? ಎರಡೂ ಎನ್ನುವುದು ಸರಿಯಾದರೂ ಸಾಲದು. ಗೋಡೆಗೆ ಹಚ್ಚಿದ ಔಷಧ ಬೇರೆ, ಅದೇ ಔಷಧವನ್ನು ಹತ್ತಿ ಹೊಲಕ್ಕೆ ಮೂಟೆಗಟ್ಟಲೆ ಸುರಿದದ್ದು ಬೇರೆ. ಹೊಲದಲ್ಲಿ ಸುರಿದದ್ದರಿಂದ ಸೊಳ್ಳೆಗೂ ಅದು ಒಗ್ಗಿಹೋಯಿತು, ಮಲೇರಿಯಾ ತಿರುಗಿ ಬಂದು 1976ರಲ್ಲಿ ಅರವತ್ತು ಲಕ್ಷ ದಾಟಿತು. ಜೀವ ಉಳಿಸುವ ಮದ್ದನ್ನು ಲಾಭಕ್ಕೆ ಚೆಲ್ಲಿ ಮದ್ದಿನ ಶಕ್ತಿಯನ್ನೂ ಕಳೆದುಕೊಂಡೆವು, ವಿಷವನ್ನೂ ಉಳಿಸಿಕೊಂಡೆವು. ಮನೆಯಲ್ಲಿ ಒಂದು ಡಬ್ಬಿ ತುಪ್ಪವನ್ನು ಹೀಗೆ ಬಳಸುವ ಸೊಸೆಯನ್ನು ಯಾವ ಅತ್ತೆಯೂ ಬಿಡುತ್ತಿರಲಿಲ್ಲ.

1999ರಲ್ಲಿ ನೈರೋಬಿಯಲ್ಲಿ ಇಂಥ ವಿಷಗಳನ್ನು ನಿಲ್ಲಿಸುವ ಒಪ್ಪಂದಕ್ಕಾಗಿ ದೇಶದೇಶಗಳವರು ಸೇರಿದ್ದರು. ಅಲ್ಲಿಗೆ ಶೀಲಾ ವಾಟ್-ಕ್ಲೂಟಿಯೆ ಎಂಬ ಇನ್ಯುಯಿಟ್ ಮಹಿಳೆ ಬಂದಿದ್ದರು. ತಾಯಿ ಮಗುವಿನ ಒಂದು ಸಣ್ಣ ಶಿಲ್ಪವನ್ನು ವಿಶ್ವಸಂಸ್ಥೆಯ ಪರಿಸರ ವಿಭಾಗದ ಮುಖ್ಯಸ್ಥರ ಕೈಗೆ ಕೊಟ್ಟರು. ಮುಂದೆ ಮಾತುಕತೆಯ ಉದ್ದಕ್ಕೂ ಅಧ್ಯಕ್ಷರು ಅದನ್ನು ತಮ್ಮ ಮೇಜಿನ ಮೇಲೆ ಇಟ್ಟುಕೊಂಡರಂತೆ. ನನಗೆ ಅದಕ್ಕಿಂತ ಮುಖ್ಯವೆನಿಸುವುದು ಆಕೆ ತೆಗೆದುಕೊಂಡ ನಿಲುವು. ಡಿ.ಡಿ.ಟಿ.ಯನ್ನು ಈಗಿಂದೀಗಲೇ ಎಲ್ಲ ಕಡೆ ನಿಲ್ಲಿಸಿ ಎಂದು ಕೇಳಲು ಅವರಿಗೆ ಎಲ್ಲ ಹಕ್ಕೂ ಇತ್ತು. ಅವರ ಜನದ ಹಾಲಲ್ಲವೆ ಕೆಟ್ಟಿದ್ದು? ಅವರು ಹಾಗೆ ಕೇಳಲಿಲ್ಲ. ಎಲ್ಲೋ ಬಿಸಿನಾಡಿನ ಇನ್ನೊಬ್ಬ ತಾಯಿ ತನ್ನ ಕೂಸನ್ನು ಮಲೇರಿಯಾದಿಂದ ಉಳಿಸಿಕೊಳ್ಳಲು ಅದನ್ನೇ ನೆಚ್ಚಿದ್ದಾಳೆ, ಆಕೆಯ ಮಗುವಿನ ಬೆಲೆಗೆ ತಮ್ಮ ಮಗುವಿನ ಹಾಲು ಶುದ್ಧವಾಗುವುದು ಬೇಡ ಎಂಬರ್ಥದ ಮಾತಾಡಿದರು. 2001ರಲ್ಲಿ ಸ್ಟಾಕ್‌ಹೋಮ್ ಒಪ್ಪಂದಕ್ಕೆ ಸಹಿ ಬಿದ್ದಾಗ ರೋಗ ತಡೆಗೆ ಡಿ.ಡಿ.ಟಿ. ಬಳಸಲು, ಬೇರೆ ದಾರಿ ಸಿಗುವ ತನಕ, ಅವಕಾಶ ಉಳಿಯಿತು. ಭಾರತ 2006ರಲ್ಲಿ ಆ ಒಪ್ಪಂದವನ್ನು ಅನುಮೋದಿಸಿತು. ಒಬ್ಬ ತಾಯಿಯನ್ನು ಇನ್ನೊಬ್ಬ ತಾಯಿಯ ಎದುರು ನಿಲ್ಲಿಸಿ ಜಗಳ ಹಚ್ಚುವ ಆಟವನ್ನು ಆ ಒಬ್ಬ ಹೆಂಗಸು ಆಡಲಿಲ್ಲ. ಆಕೆಗೆ ಮಲೇರಿಯಾದ ತಾಯಿಯ ಹೆಸರೂ ಗೊತ್ತಿರಲಿಲ್ಲ, ಊರೂ ಗೊತ್ತಿರಲಿಲ್ಲ. ಅದು ಹಗರಿಬೊಮ್ಮನಹಳ್ಳಿಯೂ ಆಗಿರಬಹುದಿತ್ತು.

ಆದರೆ ಎಲ್ಲ ವಿಷದ ಹಿಂದೆಯೂ ಮಲೇರಿಯಾದ ತಾಯಿ ಇರುವುದಿಲ್ಲ. ಕಾಸರಗೋಡಿನ ಎಣ್ಮಕಜೆ ಪಂಚಾಯತಿಯ ಪಡ್ರೆ ಗ್ರಾಮ ಕನ್ನಡ, ತುಳು ಮಾತಾಡುವ ಜನರದು. ಅಲ್ಲಿನ ಗುಡ್ಡದ ಮೇಲೆ ಕೇರಳದ ಪ್ಲಾಂಟೇಷನ್ ಕಾರ್ಪೊರೇಷನ್ನಿನ ಗೇರು ತೋಟ. 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ಯಾವ ಜೀವ ಉಳಿಸಲು? ಗೇರು ಚಿಗುರಿಗೆ ಬೀಳುವ ಒಂದು ಸೊಳ್ಳೆಯಂಥ ಕೀಟವನ್ನು ಕೊಲ್ಲಲು. ಹುಟ್ಟಿದ ಮಕ್ಕಳನ್ನು ನೋಡಿ ವಾಣಿನಗರದ ಡಾ. ವೈ. ಎಸ್. ಮೋಹನಕುಮಾರರು ಅನುಮಾನಪಟ್ಟರು, ಪತ್ರಕರ್ತ ಶ್ರೀ ಪಡ್ರೆ ಬರೆದರು. ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರದವರು 2001ರಲ್ಲಿ ಪಡ್ರೆಯ ನೀರು, ರಕ್ತದ ಜೊತೆಗೆ ಎದೆಹಾಲನ್ನೂ ಪರೀಕ್ಷಿಸಿದರು, ಹಾಲಿನಲ್ಲೂ ಎಂಡೋಸಲ್ಫಾನ್ ಸಿಕ್ಕಿತು. ಪೆರಿಯದ ಕಡೆ ಕೃಷಿ ಇಲಾಖೆಯಲ್ಲಿ ಕೆಲಸಕ್ಕಿದ್ದ ಲೀಲಾಕುಮಾರಿ ಅಮ್ಮ 1998ರಲ್ಲಿ ಹೊಸದುರ್ಗದ ಮುನ್ಸಿಫ್ ಕೋರ್ಟಿಗೆ ಹೋಗಿ ಸಿಂಪಡಣೆಗೆ ತಡೆ ತಂದರು. ಸರ್ಕಾರಿ ನೌಕರಿಯಲ್ಲಿದ್ದುಕೊಂಡು ಸರ್ಕಾರಿ ನಿಗಮದ ಮೇಲೆ ದಾವೆ ಹೂಡುವುದು ಸಣ್ಣ ಧೈರ್ಯವಲ್ಲ. 2011ರಲ್ಲಿ ಸುಪ್ರೀಂ ಕೋರ್ಟು ದೇಶದಲ್ಲೆಲ್ಲ ಎಂಡೋಸಲ್ಫಾನ್ ನಿಲ್ಲಿಸಿತು. ಅದೇ ವರ್ಷ ಸ್ಟಾಕ್‌ಹೋಮಿನ ಪಟ್ಟಿಗೂ ಅದು ಸೇರಿತು. ನೊಂದವರಿಗೆ ತಲಾ ಐದು ಲಕ್ಷ ಕೊಡಿ ಎಂದು 2017ರಲ್ಲಿ ಕೋರ್ಟು ಹೇಳಿದರೂ 2022ರಲ್ಲಿ ಅದು ಸಿಕ್ಕಿದ್ದು ಬೆರಳೆಣಿಕೆಯವರಿಗೆ ಎಂದು ಅದೇ ಕೋರ್ಟು ಗದರಬೇಕಾಯಿತು. ನಮ್ಮ ದಕ್ಷಿಣ ಕನ್ನಡದ ಕೊಕ್ಕಡ, ಪಟ್ರಮೆಯ ಕಡೆಯದೂ ಇದೇ ಗೇರು, ಇದೇ ಹೆಲಿಕಾಪ್ಟರು.

ಈಗ ನಿಜವಾದ ಕಷ್ಟದ ಪ್ರಶ್ನೆ. ಹಾಲಿನಲ್ಲಿ ವಿಷ ಕಂಡ ವೈದ್ಯ ಆ ತಾಯಿಗೆ ಹೇಳಬೇಕೆ?

ಹೇಳಿದರೆ ಆಕೆ ಏನು ಮಾಡಬೇಕು? ಕ್ವಿಬೆಕ್ಕಿನ ಉತ್ತರದಲ್ಲಿ ಸುದ್ದಿ ಹರಡಿದಾಗ ಹೆದರಿದ ತಾಯಂದಿರಿದ್ದರು. ಸೀಲ್ ತಿನ್ನಬೇಡಿ ಎಂದರೆ ಆ ಹಿಮದಲ್ಲಿ ಇನ್ನೇನು ತಿನ್ನುವುದು? ಹಾಲೂಡುವುದನ್ನು ಬಿಡಿ ಎಂದರೆ ಡಬ್ಬಿಹಾಲಿಗೆ ದುಡ್ಡೆಲ್ಲಿ, ಅದರಿಂದ ಬರುವ ಸೋಂಕಿಗೆ ಯಾರು ಹೊಣೆ? ಎಲ್ಲವನ್ನೂ ತೂಗಿ ನೋಡಿ ಅಲ್ಲಿನ ವೈದ್ಯರು, ವಿಶ್ವ ಆರೋಗ್ಯ ಸಂಸ್ಥೆಯವರು ಹೇಳಿದ್ದು, ಹಾಲೂಡುವುದನ್ನು ನಿಲ್ಲಿಸಬೇಡಿ, ಇಷ್ಟಾದರೂ ಎದೆಹಾಲಿನ ಗುಣವೇ ಹೆಚ್ಚು ಎಂದು. ಇದನ್ನು ಓದುತ್ತಿರುವ ಬಾಣಂತಿಯರಿಗೂ ನಾನು ಹೇಳುವುದು ಅದನ್ನೇ, ಧೈರ್ಯವಾಗಿ ಊಡಿರಿ. ಹಾಗಿದ್ದ ಮೇಲೆ ಹೇಳಿ ಫಲವೇನು, ಸುಮ್ಮನೆ ಆಕೆಯ ನಿದ್ದೆಗೆಡಿಸುವುದೇಕೆ ಎಂದು ಕೇಳುವವರಿದ್ದಾರೆ.

ಈ ವಾದ ನನಗೆ ಬಹಳ ಪರಿಚಿತ. ಹೆಂಗಸರಿಗೆ ಹೇಳಬೇಡಿ, ಗಾಬರಿಯಾಗುತ್ತಾರೆ. ಗಂಡನ ಸಾಲವಿರಲಿ, ಅವಳದೇ ಕಾಯಿಲೆಯ ಹೆಸರಿರಲಿ, ಮನೆಯ ಗಂಡಸರು ಪಡಸಾಲೆಯಲ್ಲಿ ಪಿಸುಗುಟ್ಟಿ, ಆಕೆ ಕಾಫಿ ತಂದಾಗ ಸುಮ್ಮನಾಗುವುದನ್ನು ಯಾರು ಕಂಡಿಲ್ಲ? ಅವಳ ಒಳ್ಳೆಯದಕ್ಕೆಂದೇ ಮುಚ್ಚಿಡುತ್ತಾರೆ. ಆದರೆ ಮುಚ್ಚಿಟ್ಟಷ್ಟು ದಿನ ಆಕೆಗೆ ಸಿಟ್ಟಾಗುವ ಹಕ್ಕೂ ಇರುವುದಿಲ್ಲ, ಯಾರನ್ನು ಕೇಳಬೇಕೆಂಬುದೂ ಗೊತ್ತಾಗುವುದಿಲ್ಲ. ಇನ್ಯುಯಿಟ್ ಹೆಂಗಸರಿಗೆ ಹೇಳದೆ ಇದ್ದಿದ್ದರೆ ಶೀಲಾ ನೈರೋಬಿಗೆ ಹೋಗುತ್ತಿರಲಿಲ್ಲ. ಹೇಳಬೇಕು ಎಂದೇ ನನ್ನ ಅಭಿಪ್ರಾಯ. ಆದರೆ ಯಾರಿಗೆ ಮೊದಲು ಹೇಳಬೇಕೆಂಬುದೂ ಒಂದು ನೀತಿಯೇ. ತಾಯಿಗೆ ಮೊದಲು ಹೇಳಿ, ನೀನು ಎಚ್ಚರವಾಗಿರು, ತರಕಾರಿಯನ್ನು ಉಪ್ಪುನೀರಲ್ಲಿ ತೊಳೆ, ಕೊಬ್ಬಿರುವ ಮೀನು ಬಿಡು ಎಂದು ಪಥ್ಯ ಬರೆದುಕೊಟ್ಟು ಕೈತೊಳೆಯುವುದಿದೆಯಲ್ಲ, ಅದು ಹೇಳುವುದಲ್ಲ, ಹೊರೆ ದಾಟಿಸುವುದು. ಡಾಲ್ಫಿನ್ ತಾಯಿ ತಿಳಿಯದೆ ಮಾಡುವುದನ್ನು ಇವರು ತಿಳಿದು ಮಾಡುತ್ತಾರೆ. ಮೊದಲು ಹೇಳಬೇಕಾದದ್ದು ಹೊಳೆಯ ಮೇಲಿನವರಿಗೆ. ಪಿ.ಸಿ.ಬಿ. ತಯಾರಿಸುತ್ತಿದ್ದವರಿಗೆ ಅದರ ಕೇಡು ವರ್ಷಗಳ ಮೊದಲೇ ತಿಳಿದಿತ್ತು ಎಂಬುದು ಮುಂದೆ ಅವರದೇ ಕಾಗದಪತ್ರಗಳಿಂದ ಹೊರಬಿತ್ತು. ತಿಳಿದವರು ಮಾರುತ್ತಲೇ ಇದ್ದರು. ಪಥ್ಯ ಮಾತ್ರ ಬಾಣಂತಿಗೆ.

ಮಾಡಿದ್ದುಣ್ಣ ಮಹಾರಾಯ ಎನ್ನುತ್ತೇವೆ. ಕರ್ಮದ ಲೆಕ್ಕ ಅಷ್ಟು ನೇರವಾಗಿದ್ದರೆ ಬದುಕು ಸುಲಭವಿತ್ತು. ಇಲ್ಲಿ ಮಾಡಿದವರೊಬ್ಬರು, ಉಂಡವರೊಬ್ಬರು. ಉಂಡವರೂ ತಮ್ಮಷ್ಟಕ್ಕೆ ಉಳಿಯುವುದಿಲ್ಲ, ಚೊಚ್ಚಲ ಕೂಸಿಗೆ ಬಡಿಸುತ್ತಾರೆ. ಮಡಿಯಿಂದಲೂ ಇದಕ್ಕೆ ಪರಿಹಾರವಿಲ್ಲ. ಒದ್ದೆ ಸೀರೆ ಉಟ್ಟು ಅಡಿಗೆ ಮಾಡಿದರೆ ಕೊಬ್ಬಿನೊಳಗಿನ ಮೈಲಿಗೆ ಹೋಗುವುದಿಲ್ಲ.

ಸಂಡೂರಿನವರಿಗೆ ಒಂದು ವಿಧದಲ್ಲಿ ಅನುಕೂಲವಿತ್ತು ಎಂದು ನಾನು ಅಂದುಕೊಳ್ಳುವುದುಂಟು. ಅದಿರಿನ ಲಾರಿಗಳು ಸಾಲುಗಟ್ಟಿ ಓಡುತ್ತಿದ್ದ ಆ ವರ್ಷಗಳಲ್ಲಿ ಧೂಳು ಕಣ್ಣಿಗೆ ಕಾಣುತ್ತಿತ್ತು. ಒಣಗಹಾಕಿದ ಸೀರೆ ಕೆಂಪು, ತುಳಸಿಯ ಎಲೆ ಕೆಂಪು, ಕೊಡದ ನೀರಿನ ತಳ ಕೆಂಪು. ಯಾರನ್ನು ಬಯ್ಯಬೇಕೆಂದು ಬೀದಿಯ ಮಗುವಿಗೂ ಗೊತ್ತಿತ್ತು. 2011ರ ಜುಲೈಯಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿದ್ದಕ್ಕೆ ಅಕ್ರಮದ ದಾಖಲೆಗಳು ಕಾರಣ, ಆದರೆ ಆ ಕೆಂಪು ಬಣ್ಣವೂ ಒಂದು ಸಾಕ್ಷಿಯಾಗಿತ್ತು. ಬಣ್ಣವಿಲ್ಲದ, ವಾಸನೆಯಿಲ್ಲದ ವಿಷಕ್ಕೆ ಅಂಥ ಸಾಕ್ಷಿಯಿಲ್ಲ. ಬೀದಿಬೀದಿಯ ಹಳೆಯ ಟ್ರಾನ್ಸ್‌ಫಾರ್ಮರುಗಳಲ್ಲಿ ಯಾವುದರ ಎಣ್ಣೆಯಲ್ಲಿ ಪಿ.ಸಿ.ಬಿ. ಇದೆ, ಯಾವುದರಲ್ಲಿ ಇಲ್ಲ ಎಂದು ನೋಡಿ ಹೇಳಲಾಗದು, ಪರೀಕ್ಷೆಯೇ ಆಗಬೇಕು. ಅಂಥದನ್ನು ಹುಡುಕಿ ತೆಗೆಯುವ ಕೆಲಸದಲ್ಲಿ ಬೆಂಗಳೂರಿನ ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆ ತೊಡಗಿತು. 2016ರ ಸರ್ಕಾರಿ ಆದೇಶ ಪಿ.ಸಿ.ಬಿ. ಇರುವ ಸಲಕರಣೆಗಳ ಬಳಕೆಗೆ 2025ರ ಕೊನೆಯ ಗಡುವು ಹಾಕಿತು.

ನಿಲ್ಲಿಸಿದರೆ ಇಳಿಯುತ್ತದೆಯೆ? ಇಳಿಯುತ್ತದೆ, ನಿಧಾನವಾಗಿ. ಚೀನಾ 1983ರಲ್ಲಿ ಬಿ.ಎಚ್.ಸಿ. ನಿಲ್ಲಿಸಿದ ಮೇಲೆ ಉತ್ತರ ಧ್ರುವದ ಗಾಳಿಯಲ್ಲಿ ಅದರ ಅಂಶ ಇಳಿದದ್ದನ್ನು ಅಳೆದಿದ್ದಾರೆ. ಇಂಗ್ಲೆಂಡಿನ ಹೊಳೆಗಳಲ್ಲಿ 1950ರ ದಶಕದ ಕೊನೆಯಿಂದ ನೀರುನಾಯಿಗಳು ಕಾಣೆಯಾಗತೊಡಗಿದ್ದವು. ಬೀಜಕ್ಕೆ ಹಚ್ಚುತ್ತಿದ್ದ ಡೀಲ್ಡ್ರಿನ್ ಎಂಬ ಔಷಧ ಕಾರಣವೆಂದು ತಿಳಿದು ಅದನ್ನು ನಿಲ್ಲಿಸಿದರು. 2011ರ ಹೊತ್ತಿಗೆ ಅವು ಅಲ್ಲಿನ ಎಲ್ಲ ಜಿಲ್ಲೆಗಳಿಗೂ ಮರಳಿದ್ದವು. ಅರ್ಧ ಶತಮಾನ ಹಿಡಿಯಿತು. ಓರ್ಕಾದಂಥ ಜೀವಕ್ಕೆ ಇನ್ನೂ ಹೆಚ್ಚು ಕಾಲ ಬೇಕು, ಹೆಣ್ಣು ಓರ್ಕಾ ಎಂಬತ್ತು ವರ್ಷವೂ ಬದುಕಬಲ್ಲದು.

ನೀರುನಾಯಿಯ ಮಾತು ಬಂದದ್ದು ಸುಮ್ಮನೆ ಅಲ್ಲ. ನಮ್ಮ ಹೊಳೆಯಲ್ಲಿ ಡಾಲ್ಫಿನ್ ಇಲ್ಲ, ಅದರ ಜಾಗದಲ್ಲಿರುವುದು ನೀರುನಾಯಿ. ಅದೂ ಮೀನು ತಿನ್ನುವ ಜೀವ, ಅದೂ ಮೇಲಿನ ಮೆಟ್ಟಿಲಿನದು, ಅದೂ ಹಾಲೂಡುತ್ತದೆ. ಕೊಪ್ಪಳ ಜಿಲ್ಲೆಯ ಮುದ್ಲಾಪುರದಿಂದ ಕಂಪ್ಲಿಯವರೆಗಿನ 34 ಕಿಲೋಮೀಟರ್ ಹೊಳೆಯನ್ನು 2015ರಲ್ಲಿ ಸರ್ಕಾರ ನೀರುನಾಯಿ ಸಂರಕ್ಷಿತ ಪ್ರದೇಶವೆಂದು ಘೋಷಿಸಿತು, ದೇಶದಲ್ಲಿ ಅಂಥದು ಅದೇ ಮೊದಲು. ಹಂಪಿ ಅದರ ನಡುವೆಯೇ ಬರುತ್ತದೆ. ದಡದ ಎರಡೂ ಕಡೆ ಭತ್ತ, ಬಾಳೆ, ಕಬ್ಬು. ಕಂಪ್ಲಿಯ ಕಡೆ ಭತ್ತಕ್ಕೆ ಔಷಧಿ ಹೊಡೆಯುವ ದಿನಗಳಲ್ಲಿ ಗಾಳಿಯೇ ಬೇರೆ ವಾಸನೆ. ಹೊಡೆಯುವವರು ಕೂಲಿಯವರು. ಸಂಜೆ ಅವರು ಬಿಚ್ಚಿಟ್ಟ ಅಂಗಿಯನ್ನು ಕಾಲುವೆಯಲ್ಲಿ ಬರಿಗೈಯಿಂದ ಒಗೆಯುವವರು ಅವರ ಹೆಂಡಂದಿರು, ಎಷ್ಟೋ ಸಲ ಬಸುರಿಯರು. ಈಗಿನ ಔಷಧಗಳಲ್ಲಿ ಬಹಳಷ್ಟು ಡಿ.ಡಿ.ಟಿ.ಯಂತೆ ತಲೆಮಾರುಗಟ್ಟಲೆ ಉಳಿಯುವಂಥವಲ್ಲ ಎಂಬುದು ನಿಜ. ಆದರೆ ಡಿ.ಡಿ.ಟಿ. ಕೀಟಗಳನ್ನು ಕೊಲ್ಲುತ್ತದೆಂದು ಕಂಡುಹಿಡಿದ ಪಾಲ್ ಮುಲ್ಲರ್‌ಗೆ 1948ರಲ್ಲಿ ನೊಬೆಲ್ ಕೊಟ್ಟಾಗಲೂ ಅದು ಮನುಷ್ಯರಿಗೆ ನಿರಪಾಯವೆಂದೇ ನಂಬಿದ್ದರು. ಅಂಗಡಿಯವನು ಕೊಡುವ ಡಬ್ಬಿಯ ಮೇಲೆ ಏನು ಬರೆದಿದೆಯೆಂದು ಓದಲು ಆ ಕೂಲಿಯವರಿಗೆ ಬರಬೇಕು, ಓದುವ ಭಾಷೆಯಲ್ಲಿ ಅದು ಇರಬೇಕು. ಕಣ್ಣಿಗೆ ಕಾಣದಷ್ಟು ಸಣ್ಣ ಅಕ್ಷರದಲ್ಲಿ ಹತ್ತು ಭಾಷೆಯ ಚೀಟಿ ಮಡಿಸಿಟ್ಟರೆ ಹೇಳಿದಂತಾಗುವುದಿಲ್ಲ.

ಮಳೆಗಾಲ ಮುಗಿದು ಹೊಳೆ ತಿಳಿಯಾದ ಮೇಲೆ ಹಂಪಿಯ ಕೆಳಗಿನ ಬಂಡೆಗಳ ನಡುವೆ ನೀರುನಾಯಿಗಳು ಮರಿ ಹಾಕುತ್ತವೆ. ಹರಿಗೋಲಿನವರಿಗೆ ಆ ಜಾಗಗಳು ಗೊತ್ತು, ಕೇಳಿದರೆ ದೂರದಿಂದ ತೋರಿಸುತ್ತಾರೆ, ಹತ್ತಿರ ಒಯ್ಯುವುದಿಲ್ಲ. ಮೊದಮೊದಲು ಮರಿಗಳಿಗೆ ನೀರೆಂದರೆ ಅಳುಕು. ತಾಯಿ ಕುತ್ತಿಗೆ ಕಚ್ಚಿ ಎಳೆದುಕೊಂಡು ಹೋಗಿ ಈಜು ಕಲಿಸುತ್ತದೆ. ಹಾಲು ಬಿಡಿಸುವ ಹೊತ್ತಿಗೆ ಮೀನು ಹಿಡಿದು ತಂದು ಅವುಗಳ ಮುಂದಿಡುತ್ತದೆ. ಆ ಮೀನು ಬೆಳೆದದ್ದು ಶಿವಮೊಗ್ಗ, ಭದ್ರಾವತಿ, ಹರಿಹರ, ಹೊಸಪೇಟೆಗಳನ್ನು ದಾಟಿ ಬಂದ ನೀರಿನಲ್ಲಿ.